ಲಂಡನ್‌ಗೆ ಎಷ್ಟು ತಾಸು? ಟಿಕೆಟ್ ನೋಡಿ ಲೆಕ್ಕ ಹಾಕುವುದು ಹೀಗೆ

ನಮ್ಮ ಓಣಿಯ ಕಾಕಾ ಒಬ್ಬರು ಓದಲು ಹೊರಟ ಮಗಳನ್ನು ಕರೆದುಕೊಂಡು ಬೆಳಗಾವಿಯಿಂದ ಬೆಂಗಳೂರಿಗೆ ಹೋದರು. ವಿಮಾನ 15ನೇ ತಾರೀಖು 00:30ಕ್ಕೆ. ಇವರು 15ರ ರಾತ್ರಿ ಊಟ ಮುಗಿಸಿ ದೇವನಹಳ್ಳಿ ತಲುಪಿದರು. ವಿಮಾನ ಹಿಂದಿನ ರಾತ್ರಿಯೇ ಹೋಗಿತ್ತು. ಆ ಹುಡುಗಿಯ ಮುಖ ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಮೊದಲು ದೂರ. ಬೆಳಗಾವಿ–ಲಂಡನ್ ಎಂದು ಹುಡುಕಿದರೆ ಮೊಬೈಲಿನಲ್ಲಿ ಬರುವ ಸಂಖ್ಯೆ ನೇರ ಗೆರೆಯದ್ದು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದಿಂದ ಲಂಡನ್‌ಗೆ ನೇರ ವಿಮಾನವೇ ಇಲ್ಲ, ಆ ಸಂಖ್ಯೆ ಇಟ್ಟುಕೊಂಡು ಏನು ಮಾಡುವುದು? ಹೋಗುವ ದಾರಿಯನ್ನೇ ಕೂಡಿಸಿ. ಬೆಂಗಳೂರಿನವರೆಗೆ ಆಕಾಶದಲ್ಲಿ ಸುಮಾರು 440 ಕಿ.ಮೀ., ಅಲ್ಲಿಂದ ಲಂಡನ್‌ಗೆ ಸುಮಾರು 8,000. ಮುಂಬೈಯಿಂದಾದರೆ 7,200ರ ಆಸುಪಾಸು.

ಆಮೇಲೆ ವೇಗ. ದೊಡ್ಡ ವಿಮಾನ ತಾಸಿಗೆ 900 ಕಿ.ಮೀ. ಹತ್ತಿರ ಹಾರುತ್ತದೆ. 8,000ವನ್ನು ಭಾಗಿಸಿದರೆ ಒಂಬತ್ತು ತಾಸು. ಏರಲು, ಇಳಿಯಲು ಇನ್ನೊಂದು ತಾಸು ಸೇರಿಸಿ. ಮೇಲೆ ಪಶ್ಚಿಮದಿಂದ ಪೂರ್ವಕ್ಕೆ ಜೋರು ಗಾಳಿ ಬೀಸುವುದರಿಂದ ಹೋಗುವಾಗ ಜಾಸ್ತಿ ಹೊತ್ತು, ಬರುವಾಗ ಕಡಿಮೆ.

ಎಲ್ಲರೂ ಎಡವುವುದು ಮುಂದಿನ ಹಂತದಲ್ಲಿ. ಟಿಕೆಟ್‌ನಲ್ಲಿ ಹೊರಡುವ ಹೊತ್ತು ಹೊರಡುವ ಊರಿನದು, ತಲುಪುವ ಹೊತ್ತು ತಲುಪುವ ಊರಿನದು. ಬೆಂಗಳೂರು ಬಿಡುವುದು 7:00, ಲಂಡನ್ ತಲುಪುವುದು 12:30 ಎಂದಿದೆ ಅನ್ನಿ. ಐದೂವರೆ ತಾಸು ಅಂದುಕೊಳ್ಳುತ್ತಾರೆ ಜನ. ಹಾಗೆ ಕಳೆಯಲೇಬೇಡಿ! ಒಂದು ಚೀಟಿ ತಗೊಳ್ಳಿ. ತಲುಪುವ ಹೊತ್ತನ್ನು ಮೊದಲು ನಮ್ಮ ಗಡಿಯಾರಕ್ಕೆ ತನ್ನಿ. ಚಳಿಗಾಲದಲ್ಲಿ ಲಂಡನ್ ನಮಗಿಂತ ಐದೂವರೆ ತಾಸು ಹಿಂದೆ. ಅಲ್ಲಿ 12:30 ಅಂದರೆ ನಮ್ಮಲ್ಲಿ ಸಂಜೆ 6:00. ಬೆಳಿಗ್ಗೆ 7ರಿಂದ ಸಂಜೆ 6, ಹನ್ನೊಂದು ತಾಸು. ಇದು ಸರಿಯಾದ ಲೆಕ್ಕ.

ಆದರೆ ಲಂಡನ್‌ನವರು ಮಾರ್ಚ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ಅಕ್ಟೋಬರ್ ಕೊನೆಯ ಭಾನುವಾರ ಹಿಂದಕ್ಕೆ. ಆ ನಡುವೆ ಅಂತರ ನಾಲ್ಕೂವರೆ ತಾಸು ಮಾತ್ರ. ದುಬೈಗೆ ಈ ತೊಂದರೆ ಇಲ್ಲ, ವರ್ಷವಿಡೀ ಒಂದೂವರೆ ತಾಸು ಹಿಂದೆ. ಅವಸರವಿದ್ದರೆ ಟಿಕೆಟ್‌ನಲ್ಲಿ ‘ಡ್ಯುರೇಶನ್’ ಎಂದಿರುವ ಸಾಲು ನೋಡಿದರೂ ಸಾಕು. ನಡುವೆ ವಿಮಾನ ಬದಲಿಸುವುದಿದ್ದರೆ ಕಾಯುವ ಹೊತ್ತೂ ಅದರಲ್ಲಿ ಸೇರಿರಬಹುದು, ಗಮನಿಸಿ.

ತಲುಪುವ ಹೊತ್ತಿನ ಪಕ್ಕ ‘+1’ ಇದ್ದರೆ ಮರುದಿನ ಎಂದರ್ಥ. ಲಂಡನ್‌ನಿಂದ ಮಧ್ಯಾಹ್ನ ಹೊರಟವರು ಇಲ್ಲಿ ಇಳಿಯುವುದು ಮರುದಿನವೇ. ಮಕ್ಕಳನ್ನು ಕರೆತರಲು ಹೋಗುವವರು ಇದನ್ನು ನೋಡಿಯೇ ಬೆಂಗಳೂರಿಗೆ ಹೊರಡಿ. ಇನ್ನು 00:30 ಅಂದರೆ ಆ ತಾರೀಖು ಹುಟ್ಟಿ ಅರ್ಧ ತಾಸಷ್ಟೇ ಆಗಿದೆ. 15ರ 00:30ರ ವಿಮಾನಕ್ಕೆ 14ರ ರಾತ್ರಿ 9ಕ್ಕೆಲ್ಲ ನೀವು ನಿಲ್ದಾಣದಲ್ಲಿ ಇರಬೇಕು. ಕ್ಯಾಲೆಂಡರಿನಲ್ಲಿ 14ಕ್ಕೇ ಗುರುತು ಹಾಕಿ.

ಕೊನೆಗೆ ಬೆಳಗಾವಿ–ಬೆಂಗಳೂರು ತುಂಡು. ಸಾಧ್ಯವಾದರೆ ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿ ಇರಲಿ. ನಾಲ್ಕು ಕಾಸು ಉಳಿಯಿತೆಂದು ಬೇರೆ ಬೇರೆ ಟಿಕೆಟ್ ತೆಗೆಸಬೇಡಿ. ಮೊದಲನೆಯದು ತಡವಾದರೆ ಎರಡನೆಯದರ ದುಡ್ಡು ಹೋದ ಹಾಗೇ. ಒಂದೇ ಬುಕಿಂಗ್ ಸಿಗದಿದ್ದರೆ, ರಾತ್ರಿ ವಿಮಾನಕ್ಕೆ ನಾನಂತೂ ನಿಲ್ದಾಣಕ್ಕೆ ಹೋಗುವ ದಿನದ ಹಿಂದಿನ ರಾತ್ರಿ ರಾಣಿ ಚನ್ನಮ್ಮ ರೈಲು ಹತ್ತಿ ಎನ್ನುತ್ತೇನೆ. ಬೆಳಿಗ್ಗೆ ಬೆಂಗಳೂರು, ಇಡೀ ಹಗಲು ಕೈಯಲ್ಲಿ.