ಒಂಟಿಮನೆಗಳ ಊರಿಗೆ ಫೈಬರ್ ಎಳೆದದ್ದು: ನನ್ನ ಅನುಭವ

ಹದಿನಾಲ್ಕನೇ ಟ್ಯಾಪ್‌ನಲ್ಲಿ, ಅಂದರೆ ಲೈನಿನಿಂದ ಮನೆಗಳಿಗೆ ಬೆಳಕು ತಿರುಗಿಸುವ ಹದಿನಾಲ್ಕನೇ ಜಾಗದಲ್ಲಿ, ಕೊನೇ ಮನೆಯ ಜಗಲಿ ಮೇಲೆ ಕೂತು ಫೈಬರಿನ ಬೆಳಕು ಅಳೆಯುವ ಪವರ್ ಮೀಟರ್ ಹಾಕಿದೆ. ಮೈನಸ್ 22.8 ತೋರಿಸಿತು. ಮೈನಸ್ ಪಕ್ಕದ ಅಂಕಿ ದೊಡ್ಡದಾದಷ್ಟೂ ಬೆಳಕು ಕಮ್ಮಿ, ಆದರೆ ಇಂಟರ್ನೆಟ್ ನಡೆಯಲು ಇಷ್ಟು ಸಾಕು. ಮೊದಲು ಅದರ ಫೋಟೋ ತೆಗೆದು ಪಕ್ಕದ ತಾಲ್ಲೂಕಿನ ಕೇಬಲ್ ಆಪರೇಟರ್ ಗೆಳೆಯನಿಗೆ ಕಳಿಸಿದೆ. ‘ಏಳನೇ ಟ್ಯಾಪ್ ದಾಟಿದರೆ ಬೆಳಕೇ ಇರಲ್ಲ, ಬೇಕಾದರೆ ಬೆಟ್ ಕಟ್ತೀನಿ’ ಅಂದಿದ್ದವನು ಅವನೇ. ಬೆಟ್ಟಿನ ದುಡ್ಡು ಇನ್ನೂ ಬಂದಿಲ್ಲ, ಅದು ಬೇರೆ ವಿಷಯ.

ನಮ್ಮದು ಹೊಸನಗರ ತಾಲ್ಲೂಕಿನ ಒಳಭಾಗ. ಊರು ಅಂದರೆ ಬೀದಿ, ಸಾಲುಮನೆ ಇರುವ ಊರಲ್ಲ. ಒಂದು ಮನೆ, ಅದರ ಕೆಳಗೆ ಅಡಿಕೆ ತೋಟ, ತೋಟದಾಚೆ ಗುಡ್ಡ, ಗುಡ್ಡ ಇಳಿದರೆ ಇನ್ನೊಂದು ಮನೆ. ಕೊರೊನಾ ಕಾಲದಲ್ಲಿ ಮಕ್ಕಳು ಕೊಡೆ ಹಿಡಿದುಕೊಂಡು ಗುಡ್ಡದ ತುದಿಯಲ್ಲಿ ಆನ್‌ಲೈನ್ ಕ್ಲಾಸ್ ಕೇಳಿದ್ದು ಇಂಥ ಕಡೆಗಳಲ್ಲೇ. ತಮಾಷೆ ಅಂದರೆ ಅಷ್ಟೊತ್ತಿಗೆ ಸರ್ಕಾರದ ಫೈಬರ್ ನಮ್ಮ ಪಂಚಾಯಿತಿ ಕಟ್ಟಡಕ್ಕೆ ಬಂದು ವರ್ಷಗಳಾಗಿದ್ದವು. 2011ರಲ್ಲಿ ಮಂಜೂರಾದ ಯೋಜನೆ, 2015ರಲ್ಲಿ ಭಾರತ್‌ನೆಟ್ ಅಂತ ಹೆಸರು ಬದಲಾಯಿತು, 2017ರ ಕೊನೆಗೆ ದೇಶದ ಒಂದು ಲಕ್ಷ ಪಂಚಾಯಿತಿ ಮುಟ್ಟಿತು. ನಮ್ಮಲ್ಲಿ ಕೇಬಲ್ ಪಂಚಾಯಿತಿಯ ಗೋಡೆವರೆಗೆ ಬಂದು ನಿಂತಿತ್ತು. ಗೋಡೆಯಿಂದ ನನ್ನ ಮನೆ ನಾಲ್ಕು ಕಿಲೋಮೀಟರ್.

2021ರ ಕೊನೆಗೆ ನಾನು ಕೈ ಹಾಕಿದೆ. ಪಂಚಾಯಿತಿವರೆಗಿನ ಫೈಬರ್ ಸರ್ಕಾರದವರದು, ಅಲ್ಲಿಂದ ಮನೆಗಳಿಗೆ ಎಳೆದು ನೋಡಿಕೊಳ್ಳುವುದು ನಮ್ಮದು, ತಿಂಗಳ ದುಡ್ಡಿನಲ್ಲಿ ಅರ್ಧರ್ಧ. ಈ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಉಳಿದದ್ದು ಹೇಳಬೇಕಿಲ್ಲ. ಹೊಸಬರಿಗೆ ಇಷ್ಟು ಸಾಕು: 399ರ ಪ್ಲಾನ್‌ನಲ್ಲಿ ಒಂದು ಮನೆಯಿಂದ ನನ್ನ ಕೈಗೆ ತಿಂಗಳಿಗೆ ಹತ್ತಿರಹತ್ತಿರ 200 ರೂಪಾಯಿ. ಅದರಲ್ಲೇ ಪೆಟ್ರೋಲ್, ಅದರಲ್ಲೇ ಹುಡುಗನ ಕೂಲಿ, ಅದರಲ್ಲೇ ಸಾಲದ ಕಂತು.

ಮೊದಲ ತಪ್ಪು ಪುಸ್ತಕದ ಪ್ರಕಾರ ಮಾಡಿದ್ದು. ಪಂಚಾಯಿತಿ ಹತ್ತಿರ 1:32 ಸ್ಪ್ಲಿಟರ್ (ಒಂದು ಎಳೆಯ ಬೆಳಕನ್ನು 32 ಸಮಪಾಲು ಮಾಡುವ ಸಾಧನ) ಇಟ್ಟು ಮನೆಮನೆಗೂ ಡ್ರಾಪ್, ಅಂದರೆ ಬಿಡಿ ಕೇಬಲ್, ಎಳೆಯೋಣ ಅಂತ ಹೊರಟೆ. ಪೇಟೆಯಲ್ಲಿ ಅದೇ ಸರಿ. ನಮ್ಮಲ್ಲಿ ಒಂದು ಮನೆಗೆ ಸರಾಸರಿ ಎರಡೂವರೆ ಕಿಲೋಮೀಟರ್ ಬೇಕು. 50 ಮನೆಗೆ 125 ಕಿಲೋಮೀಟರ್ ಕೇಬಲ್. ಮೀಟರಿಗೆ 9 ರೂಪಾಯಿ ಹಿಡಿದರೂ 11 ಲಕ್ಷ ದಾಟುತ್ತದೆ. ಒಂಬತ್ತು ಮನೆಗೆ ಎಳೆಯುವಷ್ಟರಲ್ಲಿ ಚೀಟಿ ಎತ್ತಿದ ದುಡ್ಡು ಮುಗಿಯಿತು. ದಾರಿಯುದ್ದಕ್ಕೂ ಒಂಬತ್ತು ಕಪ್ಪು ವೈರ್ ಜೋತಾಡುವುದನ್ನು ನೋಡಿ ನಮ್ಮ ದೊಡ್ಡಪ್ಪ ‘ಬಟ್ಟೆ ಒಣಗಿಸೋದಕ್ಕಾ?’ ಅಂತ ಕೇಳಿದರು.

ಆಮೇಲೆ 24 ಕೋರ್ ಕೇಬಲ್, ಅಂದರೆ ಒಳಗೆ 24 ಗಾಜಿನ ಎಳೆ ಇರುವ ಒಂದೇ ಕೇಬಲ್, ಹಾಕುವ ಯೋಚನೆ ಬಂತು. ಒಂದೂಕಾಲು ಕಿಲೋಮೀಟರ್ ಹಾಕಿಯೂ ಬಿಟ್ಟೆ. ಜುಲೈನಲ್ಲಿ ಒಂದು ಮರ ಬಿತ್ತು. ರಾತ್ರಿ ಒಂಬತ್ತೂವರೆಗೆ ಟಾರ್ಪಾಲಿನ ಕೆಳಗೆ ಕೂತು ಸ್ಪ್ಲೈಸ್, ಅಂದರೆ ತುಂಡಾದ ಎಳೆಗಳ ಬೆಸುಗೆ, ಶುರು ಮಾಡಿದೆ. ಮಳೆ, ಉಂಬಳ, ಕೈ ನಡುಕ. ಮೆಷಿನ್‌ನ ಪರದೆ ಮೇಲೆ ನೀರಿನ ಹನಿ. ಒಂದು ಎಳೆ ಸೀಳಿ, ಒರೆಸಿ, ಕೂರಿಸುವಷ್ಟರಲ್ಲಿ ಇನ್ನೊಂದಕ್ಕೆ ಕೆಸರು. 24 ಜಾಯಿಂಟ್ ಮುಗಿದಾಗ ಬೆಳಗಿನ ಜಾವ ಮೂರು ಗಂಟೆ. ಎರಡು ದಿನ ಬಿಟ್ಟು ಅದೇ ಜಾಗದಿಂದ ಇನ್ನೂರು ಅಡಿ ಆಚೆ ಮತ್ತೆ ಮರ. ಮರ ಬೀಳುವ ಊರಿನಲ್ಲಿ ಜಾಸ್ತಿ ಕೋರ್ ಅಂದರೆ ಜಾಸ್ತಿ ರಾತ್ರಿ ಅಂತ ಅವತ್ತು ಅರ್ಥವಾಯಿತು.

ಅಲ್ಲಿಂದ ಟ್ಯಾಪ್ ಲೈನಿಗೆ ಬಂದೆ. ಒಂದೇ ಎಳೆ. ಅದು ಊರಿನ ಮೇಲಿಂದ ಕೆಳಗೆ ಕಾಲುವೆ ನೀರಿನಂತೆ ಹೋಗಬೇಕು, ಎಲ್ಲೆಲ್ಲಿ ಮನೆಗಳ ಗುಂಪು ಇದೆಯೋ ಅಲ್ಲಲ್ಲಿ ಅಸಮ ಕಪ್ಲರ್ ಹಾಕಿ ಸ್ವಲ್ಪ ಬೆಳಕು ತಿರುಗಿಸಿಕೊಳ್ಳಬೇಕು. ಹಳೇ ಕೇಬಲ್ ಟಿವಿಯವರಿಗೆ ಇದು ಹೊಸದಲ್ಲ. ಆದರೆ ಜಿಪಾನ್ (ಮನೆಗಳಿಗೆ ಫೈಬರ್ ಇಂಟರ್ನೆಟ್ ಕೊಡುವ ಪದ್ಧತಿ) ಮೇಲೆ ಹದಿನಾಲ್ಕು ಟ್ಯಾಪ್ ಅಂದರೆ ಯಾರೂ ನಂಬಲಿಲ್ಲ. ಲೈನಿಗೆ ಬೆಳಕು ಕಳಿಸುವ ಯಂತ್ರ ಓಎಲ್‌ಟಿ. ಅದರ ಮಾಮೂಲಿ ಮಾಡ್ಯೂಲಿನಲ್ಲಿ ಸಿಗುವ ನಷ್ಟದ ಬಜೆಟ್ಟೇ, ಅಂದರೆ ದಾರಿಯಲ್ಲಿ ಕಳೆದುಕೊಳ್ಳಬಹುದಾದ ಬೆಳಕೇ, 28 ಡಿಬಿ (ಬೆಳಕಿನ ನಷ್ಟ ಅಳೆಯುವ ಮಾನ). ‘ಕಾಗದದ ಮೇಲೆ ಸರಿ, ಮರದ ಮೇಲೆ ಅಲ್ಲ’ ಅಂತ ಒಬ್ಬ ಎಂಜಿನಿಯರ್ ನಕ್ಕರು.

ನನ್ನ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಓಎಲ್‌ಟಿಯಲ್ಲಿ ಮಾಮೂಲಿಗಿಂತ ಜೋರಿನ ಸಿ ಪ್ಲಸ್ ಮಾಡ್ಯೂಲ್, ಹೊರಗೆ ಬರುವಾಗ ಪ್ಲಸ್ 6ರ ಆಸುಪಾಸು. ಮೊದಲ ಆರು ಕಡೆ 5:95 ಕಪ್ಲರ್, ಅಂದರೆ ನೂರರಲ್ಲಿ 5 ಪಾಲು ಬೆಳಕು ಟ್ಯಾಪಿಗೆ, 95 ಮುಂದಕ್ಕೆ. ಮುಂದೆ ಹೋಗುವ ಕಡೆ ಜಾಯಿಂಟ್ ಸೇರಿ ಅರ್ಧ ಡಿಬಿ ಮಾತ್ರ ಹೋಗುತ್ತದೆ. ಟ್ಯಾಪ್ ಕಡೆ 13, 14 ಹೋಗುತ್ತದೆ. ಹೋಗಲಿ, ಅಲ್ಲಿ ಬೆಳಕು ಬೇಕಾದಷ್ಟಿದೆ. ಅದರ ಕೆಳಗೆ 1:8 ಸ್ಪ್ಲಿಟರ್ ಹಾಕಿದರೂ ಮೈನಸ್ 18ರಿಂದ 22ರೊಳಗೆ ಬರುತ್ತದೆ. ಆಮೇಲೆ ನಾಲ್ಕು ಕಡೆ 10:90, ಎರಡು ಕಡೆ 20:80, ಒಂದು ಕಡೆ 30:70. ಕೊನೆಯಲ್ಲಿ ಉಳಿದದ್ದೆಲ್ಲ ಅವರದೇ. ಆರು ಕಿಲೋಮೀಟರ್ ಲೈನು, ಹತ್ತು ಕಿಲೋಮೀಟರ್ ಡ್ರಾಪ್. 125 ಎಲ್ಲಿ, 16 ಎಲ್ಲಿ! ಮುಖ್ಯ ಲೈನಿಗೆ ನಾಲ್ಕು ಕೋರ್ ಕೇಬಲ್ ಹಾಕಿ ಒಂದನ್ನು ಮಾತ್ರ ಓಡಿಸುತ್ತೇನೆ. ಕಡಿದರೆ ಮೊದಲು ಒಂದೇ ಜಾಯಿಂಟ್. ಉಳಿದ ಮೂರು ಬಿಸಿಲು ಬಂದ ಮೇಲೆ.

ಹೇಳಿದಷ್ಟು ಸುಲಭಕ್ಕೆ ಆಗಲಿಲ್ಲ. ಮೊದಲ ಸಲ ತಂದ ಕಪ್ಲರ್‌ಗಳು ಅಗ್ಗದವು, 1310 ಮತ್ತು 1550 ನ್ಯಾನೋಮೀಟರ್ ಅಲೆಯ ಬೆಳಕಿಗೆ ಮಾತ್ರ ಮಾಡಿದ್ದವು. ಜಿಪಾನ್ ಕೆಳಗೆ ಬರುವುದು 1490ರಲ್ಲಿ. 5:95 ಅಂತ ಬರೆದದ್ದು ಒಂದು ಕಡೆ ಮೂರರಂತೆ, ಇನ್ನೊಂದು ಕಡೆ ಎಂಟರಂತೆ ನಡೆದುಕೊಂಡಿತು. ಇಪ್ಪತ್ತು ಪೀಸ್ ಡಬ್ಬದಲ್ಲಿ ಬಿದ್ದಿವೆ. ಮೂರು ವಿಂಡೋದ್ದೇ, ಅಂದರೆ ಈ ಮೂರೂ ಅಲೆಗೆ ಹೊಂದುವುದೇ, ಕೇಳಿ ತರಿಸಿ, ಸುಮ್ನೆ ನನ್ನಂತೆ ಕೈ ಸುಟ್ಟುಕೊಳ್ಳಬೇಡಿ.

ಇನ್ನೊಂದು ಪೂರ್ತಿ ನನ್ನದೇ ತಪ್ಪು. ಸಂಜೆಗತ್ತಲಲ್ಲಿ ಕಪ್ಲರಿನ ಎರಡು ಬಾಲ ಅದಲುಬದಲಾದವು. 95ರದ್ದು ಮೂರು ಮನೆಗೆ, 5ರದ್ದು ಮುಂದಿನ ಊರಿಗೆ. ಆಚೆ ಎಲ್ಲರ ಡಬ್ಬದಲ್ಲೂ ಕೆಂಪು ದೀಪ. ವಿಚಿತ್ರ ಅಂದರೆ ಈಚೆ ಮೂರು ಮನೆಯಲ್ಲೂ ಕೆಂಪು. ಅವರಿಗೆ ಬೆಳಕು ಜಾಸ್ತಿಯಾಗಿತ್ತು! ಅವತ್ತು ಕೈಯಲ್ಲಿ 1:8 ಇರಲಿಲ್ಲ ಅಂತ 1:4 ಹಾಕಿದ್ದೆ. ಮೀಟರ್ ಮೈನಸ್ 5 ತೋರಿಸುತ್ತಿತ್ತು. ಓಎನ್‌ಟಿ, ಅಂದರೆ ಮನೆಯಲ್ಲಿಡುವ ಈ ಡಬ್ಬ, ಮೈನಸ್ 8ಕ್ಕಿಂತ ಜೋರು ಬೆಳಕು ತಡೆಯಲ್ಲ. ಕತ್ತಲೆ ಹುಡುಕುತ್ತಾ ಒಂದು ದಿನ ಪೂರ್ತಿ ಲೈನ್ ನಡೆದೆ. ಕೊನೆಗೆ ಬೆಳಕಿನ ಕಾಟ ಅಂತ ಗೊತ್ತಾಯಿತು.

ಕಂಬದ ವಿಷಯ. ವಿದ್ಯುತ್ ಕಂಬ ಬಳಸಲು ಬಾಡಿಗೆ ಕೇಳಿದರು, ಕಂಬಕ್ಕಿಷ್ಟು ಅಂತ. ಆ ಲೆಕ್ಕ 200 ರೂಪಾಯಿ ಮನೆಗೆ ಹೊಂದಲ್ಲ. ಅಲ್ಲದೆ ಅರ್ಧ ದಾರಿಯಲ್ಲಿ ಕಂಬವೇ ಇಲ್ಲ. ಹಾಗಾಗಿ ತೋಟದ ಬೇಲಿಗುಂಟ, ಸಿಲ್ವರ್ ಓಕ್ ಮರಗಳ ಮೇಲೆ ಎಳೆದೆ. ಕನೆಕ್ಷನ್ ಕೊಡುವ ಮೊದಲೇ ಮನೆಯವರ ಹತ್ತಿರ ಎರಡು ಮಾತು ಮುಗಿಸುತ್ತೇನೆ: 2,500 ರೂಪಾಯಿ, ಮತ್ತು ಅವರ ಜಾಗದಲ್ಲಿ ಲೈನ್ ಹೋಗಲು ಒಪ್ಪಿಗೆ. ಮೂರನೆಯದು ಬಾಯಿಮಾತು. ತಮ್ಮ ತೋಟದೊಳಗೆ ಸೋಗೆ ಬಿದ್ದರೆ ಅವರೇ ದೋಟಿಯಲ್ಲಿ ಎತ್ತಿ ಹಾಕಬೇಕು. ಈ ಬಾಯಿಮಾತೇ ನನ್ನ ನಿಜವಾದ ಮೆಂಟೆನೆನ್ಸ್ ಟೀಮ್. ಮೇಲಿನ ಮನೆಯವನ ತೋಟದಲ್ಲಿ ಸೋಗೆ ಬಿದ್ದರೆ ಕೆಳಗಿನ ಏಳು ಮನೆಯವರು ಅವನಿಗೆ ಫೋನ್ ಮಾಡುತ್ತಾರೆ, ನನಗಲ್ಲ.

ಮರಕ್ಕೆ ಕೇಬಲ್ ಕಟ್ಟುವ ವಿಧಾನ ಮಾತ್ರ ಇಲ್ಲಿ ಬರೆಯುವುದಿಲ್ಲ. ಮರ ಬಿದ್ದಾಗ ಕಟ್ಟು ಬಿಚ್ಚಿಕೊಳ್ಳಬೇಕು, ಫೈಬರ್ ನೆಲಕ್ಕೆ ಇಳಿಯಬೇಕು, ತುಂಡಾಗಬಾರದು. ಅದಕ್ಕೊಂದು ಗಂಟು, ಒಂದು ಹಳೇ ಸಾಮಾನು. ಅದನ್ನು ಕಂಡುಕೊಳ್ಳಲು ಎರಡು ಮಳೆಗಾಲ ಹೋಯಿತು. ಕಳೆದ ಮಳೆಗಾಲದಲ್ಲಿ ಸುಮಾರು 30 ಮರ ಲೈನ್ ಮೇಲೆ ಬಿದ್ದವು, ತುಂಡಾಗಿದ್ದು ನಾಲ್ಕೇ ಕಡೆ. ಬೇಕಾದವರು ಬಂದು ನೋಡಲಿ.

ಸಿಡಿಲಿನ ಪಾಠ ದುಬಾರಿ. ಗಾಜಿಗೆ ಸಿಡಿಲು ಏನು ಮಾಡುತ್ತೆ ಅಂತ ಧೈರ್ಯವಾಗಿದ್ದೆ. ಆದರೆ ನಾನು ತಂದಿದ್ದ ಡ್ರಾಪ್ ಕೇಬಲ್ಲಿನಲ್ಲಿ ಆಧಾರಕ್ಕೆ ಉಕ್ಕಿನ ತಂತಿ ಇತ್ತು. ಏಪ್ರಿಲ್‌ನ ಒಂದು ಸಂಜೆ ಗುಡುಗು ಬಂದು ಹೋಯಿತು, ಹನ್ನೊಂದು ಓಎನ್‌ಟಿ ಸುಟ್ಟವು. ಒಂದಕ್ಕೆ 1,300 ಅಂದರೂ ಲೆಕ್ಕ ಹಾಕಿ. ಒಂದು ಮನೆಯಲ್ಲಿ ಗೋಡೆಯ ಸುಣ್ಣವೇ ಹಾರಿತ್ತು. ಈಗ ಎಲ್ಲ ಕಡೆ ಎಫ್‌ಆರ್‌ಪಿ (ಲೋಹವಿಲ್ಲದ ಗಟ್ಟಿ ಪ್ಲಾಸ್ಟಿಕ್) ಕಡ್ಡಿಯದ್ದೇ. ಲೋಹ ಇದ್ದರೆ ಬೇಡ ಅಂತ ಅಂಗಡಿಯಲ್ಲೇ ತುದಿ ಸೀಳಿ ನೋಡಿ ತರುತ್ತೇನೆ. ಮಂಗಗಳಿಗೆ ಮಾತ್ರ ಎರಡೂ ರುಚಿಯೇ. ಬೇವಿನೆಣ್ಣೆ, ಮೆಣಸಿನ ಪುಡಿ ಎಲ್ಲ ಬಳಿದು ನೋಡಿದೆ. ಮೊದಲ ಮಳೆಗೆ ತೊಳೆದು ಹೋಯಿತು.

ನಡುವೆ ಒಂದು ಅಡ್ಡದಾರಿ. ಒಂದು ಕಡೆ ಕಾಡಿನ ಅರ್ಧ ಕಿಲೋಮೀಟರ್ ಇದೆ, ಅಲ್ಲಿ ಕೇಬಲ್ಲಿಗೆ ಅನುಮತಿ ಸಿಗಲಿಲ್ಲ. 5 ಗಿಗಾಹರ್ಟ್ಸ್ ವೈರ್‌ಲೆಸ್‌ಗೆ ಲೈಸೆನ್ಸ್ ಬೇಡ ಅಲ್ವಾ ಅಂತ ಈ ಗುಡ್ಡದಿಂದ ಆ ಗುಡ್ಡಕ್ಕೆ ಎರಡು ಡಿಶ್ ಕೂರಿಸಿದೆ. ಫೆಬ್ರವರಿಯಲ್ಲಿ 120 ಎಂಬಿಪಿಎಸ್, ಊರಿಡೀ ಹೇಳಿಕೊಂಡು ಬಂದೆ. ಜೂನ್‌ನಲ್ಲಿ ಎಂಟಕ್ಕೆ ಇಳಿಯಿತು. ದಾರಿಯ ಮಧ್ಯೆ ಇದ್ದ ಅಡಿಕೆ ತಲೆಗಳು ಒದ್ದೆಯಾಗಿದ್ದವು. ಮುಂದಿನ ವರ್ಷ ಅವು ಇನ್ನೂ ಎರಡಡಿ ಎತ್ತರ. ಬೆಳೆಯುವ ಅಡಿಕೆ ಮರದ ಜೊತೆ ಪೈಪೋಟಿ ಬೇಡ ಅಂತ ಡಿಶ್ ಇಳಿಸಿದೆ. ಈಗ ಹಳ್ಳದ ಆಚೆಯಿಂದ ಎರಡು ಕಿಲೋಮೀಟರ್ ಸುತ್ತಿಸಿ ಫೈಬರ್ರೇ ತಂದಿದ್ದೇನೆ. ಬಸ್‌ಸ್ಟ್ಯಾಂಡಿನಲ್ಲಿ ಪಿಎಂ-ವಾಣಿ ಅನ್ನುವ ಸರ್ಕಾರಿ ಯೋಜನೆಯ ವೈಫೈ ಇಟ್ಟು ಐದು ರೂಪಾಯಿಯ ಕೂಪನ್ ಮಾರಿಯೂ ನೋಡಿದೆ. ಬಸ್ಸೇ ದಿನಕ್ಕೆ ನಾಲ್ಕು. ಡಬ್ಬದ ಕರೆಂಟ್ ಖರ್ಚೂ ಹುಟ್ಟಲಿಲ್ಲ.

ಕರೆಂಟ್ ಹೋದರೆ ನಮ್ಮಲ್ಲಿ ಮೂರು ದಿನ ಬರದೇ ಇರುವುದುಂಟು. ದಾರಿಯಲ್ಲಿರುವ ಕಪ್ಲರ್, ಸ್ಪ್ಲಿಟರ್‌ಗೆ ಕರೆಂಟ್ ಬೇಡ, ಅದು ಪುಣ್ಯ. ಓಎಲ್‌ಟಿಗೆ 150 ಎಎಚ್ ಬ್ಯಾಟರಿ ಒಂದು ದಿನ ಚಿಲ್ಲರೆ ಬರುತ್ತದೆ, ಎರಡು ಸೋಲಾರ್ ಪ್ಯಾನೆಲ್ ಇಟ್ಟ ಮೇಲೆ ಮೋಡದ ದಿನ ಕೂಡ ಹೇಗೋ ಎಳೆಯುತ್ತದೆ. ಮನೆಗಳಲ್ಲಿ ಸೋಲಾರ್ ದೀಪದ 12 ವೋಲ್ಟ್ ಬ್ಯಾಟರಿಗೇ ಓಎನ್‌ಟಿ ಸಿಕ್ಕಿಸಿದೆ. ಚಾರ್ಜ್ ಆಗುವಾಗ ಅದು 14ರ ಮೇಲೆ ಏರುತ್ತೆ ಅನ್ನುವುದು ಎರಡು ಓಎನ್‌ಟಿ ಸತ್ತ ಮೇಲೆ ನೆನಪಾಯಿತು. ಮಧ್ಯೆ ನೂರು ರೂಪಾಯಿಯ ಒಂದು ಕನ್ವರ್ಟರ್ ಬೋರ್ಡ್ ಸಾಕು.

ಈಗಲೂ ಪೂರ್ತಿ ನಿಶ್ಚಿಂತೆ ಇಲ್ಲ. ಪಂಚಾಯಿತಿಗೆ ಬರುವ ಫೈಬರ್ ಒಂದೇ ದಾರಿ. ನೀರಿನ ಪೈಪಿಗೆ ಅಂತ ಜೆಸಿಬಿ ಎಲ್ಲೋ ಒಂದು ಕಡೆ ಅಗೆದರೆ ನನ್ನ ಹದಿನಾಲ್ಕು ಟ್ಯಾಪ್ ಚಂದವಾಗಿದ್ದೂ ಊರು ಕತ್ತಲು. ಅಗೆಯುವ ಮೊದಲು ತಿಳಿಸಲು ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ 2023ರ ಮಾರ್ಚ್‌ನಲ್ಲೇ ಬಂದಿದೆ. ಜೆಸಿಬಿ ಡ್ರೈವರಿಗೆ ಅದನ್ನು ಇನ್‌ಸ್ಟಾಲ್ ಮಾಡಿಕೊಟ್ಟೆ. ಅವನು ಅದಕ್ಕಿಂತ ನನಗೇ ಫೋನ್ ಮಾಡುತ್ತಾನೆ, ಅದೇ ಒಳ್ಳೆಯದು. ಅದೇ ವರ್ಷ ಆಗಸ್ಟ್‌ನಲ್ಲಿ ಮಂಜೂರಾದ 1,39,579 ಕೋಟಿಯ ಭಾರತ್‌ನೆಟ್ ತಿದ್ದುಪಡಿ ಯೋಜನೆಯಲ್ಲಿ ಪಂಚಾಯಿತಿಗಳನ್ನು ರಿಂಗ್ ಮಾಡಿ ಜೋಡಿಸುತ್ತಾರಂತೆ, ಒಂದು ಕಡೆ ಕಡಿದರೆ ಇನ್ನೊಂದು ಕಡೆಯಿಂದ ಬರುವ ಹಾಗೆ. ಒಂದೂವರೆ ಕೋಟಿ ಹಳ್ಳಿಮನೆಗಳಿಗೆ ಫೈಬರ್ ಅನ್ನುವುದೂ ಅದರಲ್ಲೇ ಇದೆ. ನಮ್ಮ ದಾರಿಗೆ ರಿಂಗ್ ಬಂದ ದಿನ ನಾನು ಕೋಳಿ ಕೊಯ್ಯುತ್ತೇನೆ.

‘4ಜಿ ಟವರ್ ಬರುತ್ತೆ, ನಿನ್ನ ವೈರ್ ಯಾರಿಗೆ ಬೇಕು’ ಅಂದವರೂ ಇದ್ದರು. ಟವರ್ ಬಂತು. ಗುಡ್ಡದ ಈ ಮಗ್ಗುಲಿಗೆ ಎರಡು ಕಡ್ಡಿ. ಅಂದವರಲ್ಲೇ ಇಬ್ಬರು ಆಮೇಲೆ ಕನೆಕ್ಷನ್ ತಗೊಂಡರು. ಮಕ್ಕಳು ಬೆಂಗಳೂರಿನ ಕೆಲಸವನ್ನು ಮಳೆಗಾಲದಲ್ಲಿ ಮನೆಯಿಂದಲೇ ಮಾಡುತ್ತಾರೆ.

ಒಟ್ಟು ದುಡ್ಡು ಕೇಳುವವರಿಗೆ: ಸ್ಪ್ಲೈಸಿಂಗ್ ಮೆಷಿನ್ 85 ಸಾವಿರ, ಓಎಲ್‌ಟಿ, ಬ್ಯಾಟರಿ, ಪ್ಯಾನೆಲ್ ಸೇರಿ ಒಂದೂಕಾಲು ಲಕ್ಷ, ಕೇಬಲ್ ಎರಡು ಲಕ್ಷ, ಹಾಳು ಮಾಡಿದ್ದು ಇನ್ನೆರಡು ಲಕ್ಷ. ಮೊದಲ ಎರಡು ವರ್ಷ ಕೈಯಿಂದಲೇ ಹೋಯಿತು. 90 ಮನೆ ದಾಟಿದ ಮೇಲೆ ಕಂತು ಕಟ್ಟಿ ಉಳಿಯತೊಡಗಿತು. ಈಗ ಎರಡು ದಿಕ್ಕಿನ ಲೈನ್ ಸೇರಿ 140 ಚಿಲ್ಲರೆ ಮನೆ. ಹಳ್ಳದಾಚೆ ಹನ್ನೊಂದು ಮನೆಯವರು ಕೇಳುತ್ತಿದ್ದಾರೆ. ಅಲ್ಲಿಗೆ ಹೋಗಬೇಕಾದರೆ ಎಂಟನೇ ಟ್ಯಾಪಿನ 10:90 ತೆಗೆದು 20:80 ಕೂರಿಸಬೇಕು, ಕೆಳಗಿನವರಿಗೆ ಅರ್ಧ ಡಿಬಿ ಕಮ್ಮಿಯಾಗುತ್ತೆ. ದೀಪಾವಳಿ ಹೊತ್ತಿಗೆ ಹಳ್ಳದ ನೀರು ಇಳಿಯುತ್ತದೆ. ಆಗ ದಾಟಿ ಹೋಗಿ ಮರ ನೋಡಿಕೊಂಡು ಬರಬೇಕು.