ಸೂರ್ಯ ಯಾಕೆ ‘ಸೂಯ್ರ’ ಆಗುತ್ತಾನೆ?

ಡಿಸ್ಲೆಕ್ಸಿಯಾ, ಅಂದರೆ ಬುದ್ಧಿ ಚುರುಕಿದ್ದರೂ ಓದು ಬರಹ ಕಷ್ಟವಾಗುವ ಕಲಿಕಾ ನ್ಯೂನತೆ, ಅಂದ ಕೂಡಲೇ ಇಂಗ್ಲಿಷಿನ ‘ಬಿ’, ‘ಡಿ’ ಅಕ್ಷರಗಳು ಅದಲು ಬದಲಾಗುವುದನ್ನೇ ಎಲ್ಲರೂ ಹೇಳುತ್ತಾರೆ. ಕನ್ನಡ ಶಾಲೆಯಲ್ಲಿ ಪಾಠ ಮಾಡುವ ನನಗೆ ಕಾಣುವುದೇ ಬೇರೆ. ನಮ್ಮ ಮಕ್ಕಳು ಎಡವುವುದು ಕಾಗುಣಿತದಲ್ಲಿ, ಅದಕ್ಕಿಂತ ಜಾಸ್ತಿ ಒತ್ತಕ್ಷರದಲ್ಲಿ.

ನಾಲ್ಕನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಕೇಳಿದ ಕಥೆಯನ್ನು ಒಂದೂ ಬಿಡದೆ ಹೇಳುತ್ತಿದ್ದ, ಬಾಯಿಲೆಕ್ಕದಲ್ಲಿ ಚುರುಕು. ಪುಸ್ತಕ ಕೊಟ್ಟರೆ ಮಾತ್ರ ಬೆವರುತ್ತಿದ್ದ. ‘ಹೂವು’ ಅವನ ಬಾಯಲ್ಲಿ ‘ಹೂಮ’, ‘ಸೂರ್ಯ’ ‘ಸೂಯ್ರ’. ಅವನದೂ ಒಂದು ನ್ಯಾಯ ಇತ್ತು ಅನ್ನಿ. ಬೇರೆ ಒತ್ತುಗಳನ್ನು ಆಮೇಲೆ ಬರೆದು ಆಮೇಲೇ ಓದುತ್ತೇವೆ. ಅರ್ಕಾವೊತ್ತನ್ನು ಮಾತ್ರ ಕೊನೆಗೆ ಬರೆದು ಮೊದಲು ಓದಬೇಕು!

ಕಣ್ಣು, ಕಿವಿ ಪರೀಕ್ಷೆ ಮಾಡಿಸಿದೆವು. ಎರಡೂ ಸರಿ ಇದ್ದವು.

“ಸೋಮಾರಿ ಮಿಸ್, ಎರಡು ಬಿಡಿ, ಸರಿ ಹೋಗ್ತಾನೆ” ಅಂದರು ಅವರಮ್ಮ.

“ಹೊಡೆದರೆ ಅಕ್ಷರ ಬರಲ್ಲಮ್ಮ, ಸ್ಕೂಲಿಗೆ ಬರೋದೇ ಬಿಡ್ತಾನೆ” ಅಂದೆ.

ಪುಸ್ತಕ ಪಕ್ಕಕ್ಕಿಟ್ಟು ಕಿವಿಯಿಂದ ಶುರು ಮಾಡಿದೆ. ‘ಸೂರ್ಯ’ ಅಂತ ನಿಧಾನವಾಗಿ ಹೇಳಿಸಿ, ‘ಸೂ’ ಆದ ಮೇಲೆ ನಾಲಿಗೆ ಏನು ಮಾಡಿತು ಅಂತ ಕೇಳಿದೆ. “ನಡುಗಿತು ಮಿಸ್” ಅಂದ. ಆ ನಡುಕಕ್ಕೆ ಕೆಂಪು ಬಣ್ಣ ಕೊಟ್ಟೆವು. ಅರ್ಕಾವೊತ್ತನ್ನು ಯಾವಾಗಲೂ ಕೆಂಪು ಪೆನ್ಸಿಲ್‌ನಲ್ಲೇ ಬರೆಯುವುದು, ಕೆಂಪು ಕಂಡರೆ ಮೊದಲು ಅದನ್ನು ಹೇಳುವುದು. ‘ವು’, ‘ಮ’ಗಳನ್ನು ತಟ್ಟೆಯಲ್ಲಿ ಮರಳು ಹರಡಿ ಬೆರಳಿಂದ ಬರೆಸಿದೆ, ಬರೆಯುತ್ತಲೇ ಬಾಯಲ್ಲೂ ಹೇಳಿಸಿದೆ. ಒಂದು ದಿನಕ್ಕೆ ಒಂದೇ ಒತ್ತು, ಕಾಲು ಗಂಟೆ, ಅಷ್ಟೇ. ಅದಕ್ಕಿಂತ ಎಳೆದರೆ ಕಲಿತದ್ದೂ ಹೋಗುತ್ತದೆ.

ಎಲ್ಲರೆದುರು ಎದ್ದು ನಿಂತು ಓದುವುದನ್ನು ಅವನಿಗೆ ಬಿಡಿಸಿದೆ. ಪರಿಸರ ಅಧ್ಯಯನದ ಪ್ರಶ್ನೆಗಳನ್ನು ಬಾಯಲ್ಲೇ ಕೇಳಿದೆ. ಸುಮ್ನೆ ಅಂಕ ಕೊಟ್ಟ ಹಾಗಾಗಲ್ವಾ ಅಂತ ಸ್ಟಾಫ್ ರೂಮಿನಲ್ಲಿ ಗೊಣಗಾಟ ಆಯಿತು. ಬೀಜ ಹೇಗೆ ಮೊಳಕೆ ಒಡೆಯುತ್ತದೆ ಅನ್ನುವ ಪ್ರಶ್ನೆಗೆ ಒತ್ತಕ್ಷರ ಯಾಕೆ ಅಡ್ಡ ಬರಬೇಕು?

ಐದನೇ ತರಗತಿಗೆ ಹೋಗುವಾಗಲೂ ಅವನ ಓದು ನಿಧಾನವೇ. ಆದರೆ ಕೆಂಪು ಬಣ್ಣ ಬೇಕಾಗುತ್ತಿರಲಿಲ್ಲ.

ತಪಾಸಣೆ, ಸರ್ಟಿಫಿಕೇಟ್ ಅಂದರೆ ಮನೆಯವರು ಹಿಂಜರಿಯುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಕಲಿಕಾ ನ್ಯೂನತೆಯೂ ಇದೆ. ಸರ್ಟಿಫಿಕೇಟ್ ಇದ್ದರೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ, ಬರೆದುಕೊಡುವವರ ನೆರವು ಕೇಳಬಹುದು. ಅವನ ಅಪ್ಪನನ್ನು ಕೂರಿಸಿಕೊಂಡು ಇದನ್ನೇ ಹೇಳಿದೆ, ಹತ್ತನೇ ತರಗತಿ ಬರುವವರೆಗೆ ಕಾಯಬೇಡಿ ಅಂತ.