ಕೆಂಚನ ಜೊಲ್ಲು, ಬಾಯಿ ವಾಸನೆ, ಮೂರು ತಿಂಗಳು ಮೀನಿನ ಮೇಲೆ ಹಾಕಿದ ತಪ್ಪು

ಮುಂಬೈ ಹತ್ರದ ಡೊಂಬಿವಲಿ ಈಸ್ಟಲ್ಲಿ ನಮ್ದು ಎರಡನೇ ಮಾಳಿಗೆ, ನಮ್ಮ ಬೆಕ್ಕು ಕೆಂಚ ಮನೆಗೆ ಬಂದು ಒಂಬತ್ತು ವರ್ಷ ಆಯ್ತು. ಒಂದು ಮಳೆಗಾಲದಲ್ಲಿ ಲಿಫ್ಟಿನ ಪಕ್ಕ ನೆನೆದು ಕೂತಿದ್ದವನು. ರಾತ್ರಿ ನನ್ನ ದಿಂಬಿನ ಅರ್ಧ ಅವನದು. ಮೊದಲು ಕಂಡಿದ್ದು ಆ ದಿಂಬಿನ ಕವರಲ್ಲೇ, ಬೆಳಿಗ್ಗೆ ಎದ್ರೆ ಎಂಟಾಣೆ ಅಗಲದ ಒದ್ದೆ ಕಲೆ, ಅಂಚು ಸ್ವಲ್ಪ ಕಂದು. ಮುದ್ದು ಮಾಡಿದಾಗ ಗುರುಗುರು ಅಂತಾ ಜೊಲ್ಲು ಸುರಿಸೋ ಬೆಕ್ಕುಗಳು ಇರ್ತಾವೆ, ಅದು ಕಾಯಿಲೆ ಅಲ್ಲ, ಆದ್ರೆ ಕೆಂಚ ಚಿಕ್ಕವನಿದ್ದಾಗಿಂದ ಹಾಗೆ ಮಾಡಿದವನೇ ಅಲ್ಲ. ಹಳೇ ಅಭ್ಯಾಸ ಬೇರೆ, ವಯಸ್ಸಾದ ಮೇಲೆ ಹೊಸದಾಗಿ ಶುರು ಆಗೋದು ಬೇರೆ, ಇದು ಆಗ ನನಗೆ ಹೊಳೀಲಿಲ್ಲ.

ಆಮೇಲೆ ವಾಸನೆ. ಆಕಳಿಸಿದ್ರೆ ಪಕ್ಕದಲ್ಲಿ ಕೂರಕ್ಕಾಗ್ತಿರ್ಲಿಲ್ಲ. ಕುಂದಾಪುರಕ್ಕೆ ಫೋನ್ ಮಾಡಿ ಅಮ್ಮಂಗೆ ಹೇಳಿದ್ರೆ "ಮೀನ್ ತಿಂಬು ಬಾಯಿ ಅಲ್ದಾ ಮಗಾ, ವಾಸ್ನಿ ಬರ್ದೇ ಇರತ್ತಾ" ಅಂದ್ರು, ನನಗೂ ಸರಿ ಅನ್ನಿಸ್ತು, ಬಂಗುಡೆ ಬೇಯಿಸಿ ಹಾಕೋದು ನಿಲ್ಲಿಸಿದೆ, ಬೆಕ್ಕಿನ ಒಣ ಆಹಾರದ ಕಾಳು ಮಾತ್ರ ಹಾಕಿದೆ, ಹದಿನೈದು ದಿನ ಕಳೆದ್ರೂ ವಾಸನೆ ಹಾಗೇ. ಆರೋಗ್ಯವಾಗಿರೋ ಬೆಕ್ಕು ಮೀನು ತಿಂದ ಮೇಲೆ ಸ್ವಲ್ಪ ಹೊತ್ತು ಮೀನು ವಾಸನೆ ಬರ್ಬೋದು, ಕೊಳೆತ ವಾಸನೆ ದಿನವಿಡೀ ಬರಲ್ಲ.

ಹತ್ತಿರದ ಒಬ್ಬ ಡಾಕ್ಟರ್ ಹತ್ರ ಹೋದ್ವಿ. ಕೆಂಚ ಟೇಬಲ್ ಮೇಲೆ ಕಲ್ಲಾಗಿಬಿಟ್ಟ, ಬಾಯಿ ಬಿಡಲಿಲ್ಲ, ಡಾಕ್ಟರೂ ಒತ್ತಾಯ ಮಾಡಲಿಲ್ಲ, ಆಂಟಿಬಯಾಟಿಕ್ಕೂ ನೋವಿನ ಔಷಧಿನೂ ಬರೆದ್ರು. ಐದೇ ದಿನಕ್ಕೆ ಜೊಲ್ಲು ನಿಂತು ನಾನು ಖುಷಿಯಾದೆ. ಔಷಧಿ ಮುಗಿದು ಎರಡು ವಾರಕ್ಕೆ ವಾಪಸ್. ಮತ್ತೆ ಅದೇ ಔಷಧಿ, ಮತ್ತೆ ವಾಪಸ್. ಹೀಗೇ ಮೂರು ತಿಂಗಳು ಹೋಯ್ತು, ಅಷ್ಟೂ ದಿನ ಅವನು ನೋವು ತಿಂದಿದಾನೆ ಅಂತ ನೆನೆಸ್ಕೊಂಡ್ರೆ ಇವತ್ತಿಗೂ ಹೊಟ್ಟೆ ಚುರ್ ಅನ್ನುತ್ತೆ.

ಆಮೇಲೆ ಒಂದಿನ ರಜೆ, ಬಟ್ಟಲಿನ ಪಕ್ಕ ನೆಲದ ಮೇಲೇ ಕೂತು ಅವನು ತಿನ್ನೋದನ್ನ ನೋಡ್ದೆ. ಹಸಿವಿದೆ, ಓಡಿ ಬರ್ತಾನೆ. ಕಾಳು ಬಾಯಿಗೆ ತಗೊಂಡು ತಲೆನ ಬಲಕ್ಕೆ ಓರೆ ಮಾಡ್ತಾನೆ, ಬಲಗಡೆಯಿಂದ್ಲೇ ಕಚ್ತಾನೆ, ನಡುವೆ ಒಂದು ಕಾಳು ಎಡಗಡೆಗೆ ಜಾರಿದ ತಕ್ಷಣ ಸಣ್ಣಗೆ ಕಿರುಚಿ ಉಗಿದು ಎರಡು ಹೆಜ್ಜೆ ಹಿಂದೆ, ಮುಂಗಾಲಲ್ಲಿ ಎಡ ಕೆನ್ನೆ ಉಜ್ಜಿದ. ಜೊಲ್ಲೂ ಎಡಗಡೆಯಿಂದ್ಲೇ ಇಳೀತಿತ್ತು. ಅಷ್ಟೂ ಫೋನಲ್ಲಿ ವೀಡಿಯೋ ಮಾಡ್ಕೊಂಡೆ.

ಈ ಸಲ ಪಕ್ಕದ ಠಾಣೆ ಊರಲ್ಲಿ ಹಲ್ಲಿನ ಎಕ್ಸ್‌ರೇ ಇರೋ ಒಂದು ಕ್ಲಿನಿಕ್ಕಿಗೆ ಹೋದ್ವಿ. ಡಾಕ್ಟರಮ್ಮ ವೀಡಿಯೋ ಎರಡು ಸಲ ನೋಡಿದ್ರು, ಆಮೇಲೆ ಬಾಯಿ ತೆರೆಸದೇ ಹೆಬ್ಬೆರಳಲ್ಲಿ ಎಡ ತುಟಿ ಮಾತ್ರ ಮೇಲೆ ಸರಿಸಿ ನನಗೆ ತೋರಿಸಿದ್ರು. ಕೆಳಗಿನ ಕೋರೆಹಲ್ಲಿನ ಹಿಂದಿನ ಮೊದಲನೇ ಹಲ್ಲು, ವಸಡು ಸೇರೋ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ, ಮಾಂಸ ಹಲ್ಲಿನ ಮೇಲೆ ಹತ್ತಿದ ಹಾಗೆ. ಹತ್ತಿಯ ಕಡ್ಡಿ ತುದಿ ಮುಟ್ಟಿಸಿದ್ದೇ ತಡ ದವಡೆ ಕಟಕಟ ನಡುಗ್ತು.

ಇದಕ್ಕೆ ಟೂತ್ ರಿಸಾರ್ಪ್ಶನ್ ಅಂತಾರಂತೆ. ನಮ್ಮ ಹುಳುಕು ಹಲ್ಲಿನ ತರ ಅಲ್ಲ, ಬೆಕ್ಕಿನ ಮೈಯ ಜೀವಕೋಶಗಳೇ ಹಲ್ಲನ್ನ ಕರಗಿಸ್ತಾ ಹೋಗ್ತವೆ, ನರ ಹೊರಗೆ ಬೀಳುತ್ತೆ. ಸಿಮೆಂಟ್ ತುಂಬಿದ್ರೆ ನಿಲ್ಲಲ್ಲ, ಹಲ್ಲು ತೆಗೀಬೇಕು. ಔಷಧಿ ಕೊಟ್ಟಾಗ ನೋವು ಅಡಗಿತ್ತು ಅಷ್ಟೇ, ಹಲ್ಲು ಒಳಗೆ ಕರಗ್ತಾನೇ ಇತ್ತು.

ಆದ್ರೂ ಅವ್ರು ನೇರ ಹಲ್ಲಿಗೆ ಕೈ ಹಾಕಲಿಲ್ಲ, ಅದೇ ನನಗೆ ಹಿಡಿಸಿದ್ದು. ಮೊದಲು ರಕ್ತ ತೆಗೆದು ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್, ಶುಗರ್, ಲಿವರ್ ನೋಡಿದ್ರು. ಅನಸ್ತೇಶಿಯಾ ಕೊಡೋಕೂ ಬೇಕು, ಇನ್ನೊಂದು ಕಾರಣ, ಕಿಡ್ನಿ ಹೋದ ವಯಸ್ಸಾದ ಬೆಕ್ಕಲ್ಲೂ ಇದೇ ಜೊಲ್ಲು, ಕೆಟ್ಟ ಬಾಯಿ ವಾಸನೆ ಇರ್ಬೋದು. ಆ ವಾಸನೆ ಅಮೋನಿಯಾ ತರ ಮೂಗಿಗೆ ಚುಚ್ಚುತ್ತೆ, ಬೆಕ್ಕು ನೀರು ಜಾಸ್ತಿ ಕುಡಿಯುತ್ತೆ, ಸಣ್ಣಗಾಗುತ್ತೆ, ನಾಲಿಗೆ ಅಂಚಲ್ಲಿ ಹುಣ್ಣಾಗ್ಬೋದು. ಶುಗರ್ ಕೈ ಮೀರಿದ್ರೆ ನೇಲ್ ಪಾಲಿಶ್ ತೆಗೆಯೋ ದ್ರಾವಣದ ತರ ಸಿಹಿ ವಾಸನೆ, ಅದು ಎಮರ್ಜೆನ್ಸಿ. ವಯಸ್ಸಾದ ಬೆಕ್ಕಿಗೆ ನಾಲಿಗೆ ಕೆಳಗೋ ದವಡೆಯಲ್ಲೋ ಕ್ಯಾನ್ಸರ್ ಗಡ್ಡೆನೂ ಆಗ್ಬೋದು, ಅದನ್ನೂ ಹುಡುಕಿದ್ರು.

ಕೆಂಚನ ರಿಪೋರ್ಟ್ ಚೆನ್ನಾಗೇ ಬಂತು. ಎಕ್ಸ್‌ರೇಯಲ್ಲಿ ಅದರ ಪಕ್ಕದ ಹಲ್ಲೂ ಬೇರಲ್ಲಿ ಕರಗಿದ್ದು ಕಂಡು ಎರಡೂ ತೆಗೆದ್ರು. ಮೂವತ್ತು ಹಲ್ಲಲ್ಲಿ ಎರಡು ಹೋಯ್ತು. ಹತ್ತು ದಿನ ಕಾಳು ಬಂದ್, ಚಿಕನ್ ಬೇಯಿಸಿ ನುಣ್ಣಗೆ ಅರೆದು ಕೊಟ್ಟೆ, ಉಪ್ಪು ಈರುಳ್ಳಿ ಬೆಳ್ಳುಳ್ಳಿ ಏನೂ ಹಾಕದೆ. ಎರಡನೇ ದಿನ ಸಂಜೆ ಬಟ್ಟಲು ನೆಕ್ಕಿ ಖಾಲಿ ಮಾಡಿದಾಗ ನಾನು ಅತ್ತಿದ್ದೇನೆ.

ಅದಾದ ಮೇಲೆ ನಮ್ಮ ಸೊಸೈಟಿಯ ಬೀದಿ ಬೆಕ್ಕುಗಳ ಬಾಯಿ ನೋಡೋದೂ ನನ್ನ ಕೆಲಸ ಆಯ್ತು. ಪಾರ್ಕಿಂಗಲ್ಲಿ ಒಂದು ಕಪ್ಪು ಹೆಣ್ಣು ಬೆಕ್ಕು, ಗದ್ದದಿಂದ ದಾರದ ತರ ಜೊಲ್ಲು ನೇತಾಡ್ತಿತ್ತು, ಮೈ ನೆಕ್ಕಿಕೊಳ್ಳೋದು ಬಿಟ್ಟು ಕೂದಲೆಲ್ಲ ಗಂಟು. ಆಕಳಿಸಿದಾಗ ನೋಡಿದ್ರೆ ಗಂಟಲ ತನಕ ರಕ್ತಗೆಂಪು. ಅದು ಸ್ಟೊಮಟೈಟಿಸ್, ಅಂದ್ರೆ ಬಾಯೊಳಗೆಲ್ಲ ಉರಿಯೂತ, ಕ್ಯಾಲಿಸಿವೈರಸ್ ಅನ್ನೋ ಬೆಕ್ಕಿನ ವೈರಸ್ ಜೊತೆ ಇರೋದು ಜಾಸ್ತಿ. ಅದಕ್ಕೆ ಕೋರೆಹಲ್ಲಿನ ಹಿಂದಿನ ಹಲ್ಲೆಲ್ಲಾ ತೆಗೆಸಿದ್ವಿ, ನಾಲ್ಕು ಮನೆಯವ್ರು ದುಡ್ಡು ಹಾಕಿ. ಈಗ ಆ ಹಲ್ಲುಗಳಿಲ್ಲದೇನೇ ದಪ್ಪಗಾಗಿದಾಳೆ. ಒಂದಕ್ಕೊಂದು ಹೋಲಿಸಬೇಡಿ, ಕೆಂಚನದು ಎರಡು ಹಲ್ಲಿನ ಜಾಗ, ಇವಳದು ಇಡೀ ಬಾಯಿ.

ಇನ್ನು ದಿಢೀರ್ ಅಂತ ಜೊಲ್ಲು ಸುರಿಯೋಕೆ ಶುರು ಆದ್ರೆ ಹಲ್ಲು ಅಂತ ಕಾಯ್ತಾ ಕೂರಬೇಡಿ. ಇಲ್ಲಿ ಮಳೆಗಾಲದಲ್ಲಿ ಬೆಕ್ಕು ಕಪ್ಪೆನ ಕಚ್ಚೋದು, ಬಾಲ್ಕನಿಯ ಮನಿ ಪ್ಲಾಂಟ್ ಎಲೆ ಅಗಿಯೋದು, ನಾಲಿಗೆ ಬುಡಕ್ಕೆ ದಾರ ಸುತ್ತಿಕೊಳ್ಳೋದು, ಎಲ್ಲ ಆಗ್ತವೆ. ದಾರ ಕಂಡ್ರೆ ಎಳೀಬೇಡಿ, ಇನ್ನೊಂದು ತುದಿ ಕರುಳಲ್ಲಿರ್ಬೋದು. ನಾಯಿಗೆ ಹಾಕೋ ಉಣ್ಣಿ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ರೆ ಬೆಕ್ಕಿಗೆ ವಿಷ, ಜೊಲ್ಲು ಜೊತೆ ನಡುಕ ಬರುತ್ತೆ. ನೋವಿದೆ ಪಾಪ ಅಂತ ಪ್ಯಾರಾಸಿಟಮಾಲ್ ಚೂರೂ ಕೊಡ್ಬೇಡಿ, ಬೆಕ್ಕು ಸತ್ತೇ ಹೋಗ್ಬೋದು. ಬೀದಿ ಬೆಕ್ಕು ಜೊಲ್ಲು ಸುರಿಸ್ತಾ ವಿಚಿತ್ರವಾಗಿ ಮೈಮೇಲೆ ಬಂದ್ರೆ ರೇಬೀಸ್ ಇರ್ಬೋದು, ಬರಿಗೈಯಲ್ಲಿ ಬಾಯಿ ಮುಟ್ಟಬಾರ್ದು. ಎರಡು ದಿನ ಪೂರ್ತಿ ಊಟ ಬಿಟ್ರೆ ಲಿವರಿಗೆ ಕೊಬ್ಬು ತುಂಬೋ ಭಯ ಇದೆ, ದಪ್ಪ ಬೆಕ್ಕಿಗಂತೂ ಜಾಸ್ತಿ.

ಈಗ ಭಾನುವಾರ ಭಾನುವಾರ ಕೆಂಚ ತೊಡೆ ಮೇಲೆ ಅರೆನಿದ್ದೆಯಲ್ಲಿದ್ದಾಗ ಒಂದ್ಸಲ ಎಡ ತುಟಿ, ಒಂದ್ಸಲ ಬಲ ತುಟಿ ಸರಿಸಿ ನೋಡ್ತೀನಿ, ಮೂಗು ಹತ್ರ ಹಿಡೀತೀನಿ. ಬೆರಳಿಗೆ ಬಟ್ಟೆ ಸುತ್ತಿ ಬೆಕ್ಕಿನ ಪೇಸ್ಟ್ ಹಚ್ಚಿ ಉಜ್ಜೋದು ದಿನಾ, ನಮ್ಮ ಪೇಸ್ಟ್ ಅಲ್ಲ. ಈ ಹಲ್ಲು ಕರಗೋ ರೋಗನ ಉಜ್ಜಿ ತಡೆಯೋಕಾಗಲ್ಲ, ಒಂದು ಹಲ್ಲಿಗೆ ಬಂದ ಮೇಲೆ ಇನ್ನೊಂದಕ್ಕೂ ಬರ್ಬೋದು ಅಂದಿದಾರೆ, ಹಾಗಾಗಿ ವರ್ಷಕ್ಕೊಂದ್ಸಲ ಎಕ್ಸ್‌ರೇಗೆ ಠಾಣೆಗೆ ಹೋಗ್ತೀವಿ. ಕಳೆದ ವಾರ ಬಂಗುಡೆ ಮತ್ತೆ ಶುರು ಮಾಡಿದೀನಿ, ಮುಳ್ಳು ತೆಗೆದು.